ಬುಟ್ಟಿಗೆ ಬೀಳದ ಬೀಡಿ

ಐಸಮ್ಮ, ಕಾಪುವಿನಲ್ಲಿ ನಿಮ್ಮ ಹೆಸರು ಕೆಡಿಸಿದವಳು ನಾನು. ಊರಿನ ಹೆಂಗಸರೆಲ್ಲ ಸೇರಿ ಕಟ್ಟಿದ ಮಾತು ಅದು ಎಂದು ನೀವು ಇಷ್ಟು ವರ್ಷ ತಿಳಿದುಕೊಂಡಿದ್ದೀರಿ. ಅಲ್ಲ — ಅದು ಮೊದಲು ಹೊರಟದ್ದು ನಿಮ್ಮ ಪಕ್ಕದಲ್ಲೇ ಕುಳಿತು ಬೀಡಿ ಕಟ್ಟುತ್ತಿದ್ದ ಈ ಗುಲಾಬಿಯ ಬಾಯಿಂದ.

ಇದನ್ನು ಬರೆಯುವಾಗಲೂ ಎದೆಯಲ್ಲಿ ಹಿಡಿಸಲಾರದಷ್ಟು ಸಂತೋಷ. ಅದೂ ಒಂದು ತಪ್ಪೋ ಏನೋ. ಮೊಮ್ಮಗಳು ಹುಟ್ಟಿ ಇವತ್ತಿಗೆ ಒಂಬತ್ತು ದಿನ. ತಲೆ ತುಂಬ ಕೂದಲು, ಅಳುವ ಮೊದಲು ಕೆಳತುಟಿ ಮಾತ್ರ ನಡುಗುತ್ತದೆ — ಅಯ್ಯೋ, ಬಸ್ಸಿನ ಕಂಡಕ್ಟರನಿಗೂ ಹೇಳಿದೆ, ಮೀನು ತರುವವಳಿಗೂ ಹೇಳಿದೆ! ಆದರೆ ಮಣಿಪಾಲದ ಆಸ್ಪತ್ರೆಯಲ್ಲಿ ನನ್ನ ಕೈಯಿಂದ ಮಗುವನ್ನು ಮೊದಲು ತೆಗೆದುಕೊಂಡವರು ನೀವು. ಮಗಳ ಹೆರಿಗೆಗೆಂದು ಕಾರ್ಕಳದಿಂದ ಬಂದಿದ್ದಿರಿ, ನಮ್ಮಿಂದ ಎರಡೇ ಮಂಚ ಆಚೆ. ಹನ್ನೊಂದು ವರ್ಷದ ಮೇಲೆ ಕಂಡದ್ದು.

"ಗುಲಾಬಕ್ಕ, ಮೂಗು ನಿಮ್ಮದೇ. ಪಾಪ, ಇನ್ನು ಎಂತ ಮಾಡುವುದು!" ಎಂದು ನಗಾಡಿದಿರಿ. ಆಮೇಲೆ ಮೆಲ್ಲಗೆ, "ಆ ಊರಿನಲ್ಲಿ ಕಡೆಯವರೆಗೂ ನನ್ನನ್ನು ಜಗಲಿಗೆ ಕರೆದದ್ದು ನೀವೊಬ್ಬರೇ. ಅದನ್ನು ಮರೆಯುವುದುಂಟಾ?"

ಆಗಲೇ ಹೇಳಬೇಕಿತ್ತು. ನಾನು ಮಗುವಿನ ಬಟ್ಟೆ ಸರಿಮಾಡುತ್ತಾ ನಿಂತೆ. ಹೆಸರಿಡುವ ದಿನ ಕಾಪುವಿಗೆ ಬರಲೇಬೇಕು ಎಂದು ಬೇರೆ ಕರೆದೆ — ಬರುತ್ತೇನೆ ಎಂದಿರಿ.

ತುರ್ತು ಪರಿಸ್ಥಿತಿಯ ಕಾಲ ನಿಮಗೆ ನೆನಪುಂಟಲ್ಲ? ಶಾಲೆಯಲ್ಲಿ ಚುಚ್ಚುಮದ್ದಿನ ನೆಪದಲ್ಲಿ ಮಕ್ಕಳಿಗೆ ಸಂತಾನ ನಿಲ್ಲಿಸುವ ಆಪರೇಷನ್ ಮಾಡುತ್ತಾರೆ ಎಂದು ಸುದ್ದಿ ಎದ್ದು, ನಾವೆಲ್ಲ ಮಕ್ಕಳನ್ನು ಒಳಗೆ ಕೂಡಿಹಾಕಿದ್ದೆವು. ನೀವು ಒಬ್ಬೊಬ್ಬರನ್ನೂ ಕೇಳಿದಿರಿ — "ಕಂಡದ್ದಾ, ಕೇಳಿದ್ದಾ?" ಕಂಡವರು ಯಾರೂ ಇರಲಿಲ್ಲ. ಮಗಳ ಕೈ ಹಿಡಿದುಕೊಂಡು ಹೋಗಿ ಇಡೀ ದಿನ ಶಾಲೆಯಲ್ಲಿ ಕುಳಿತು ಬಂದಿರಿ. ಮರುದಿನ ನಮ್ಮ ಮಕ್ಕಳೂ ಹೋದರು. ಅಂದಿನಿಂದ ನಾವು ಬೀಡಿ ಕಟ್ಟುವ ಜಗಲಿಯಲ್ಲಿ ನಿಮ್ಮ ಮಾತಿಗೆ ತೂಕ ಬಂತು. ನಮಗೆ ಎಲೆ ಕೊಟ್ಟು ಬೀಡಿ ತೆಗೆದುಕೊಳ್ಳುವ ಬ್ರಾಂಚಿನ ಕಂಟ್ರಾಕ್ಟರ್ ಅದನ್ನು ಗಮನಿಸಿದ್ದ.

ಅವನಲ್ಲಿ ದಿನಾ ಬೆಳಿಗ್ಗೆ ನಮ್ಮ ಬೀಡಿ ನೋಡುವ ಕ್ರಮ. ಪ್ರತಿಯೊಬ್ಬಳದ್ದೂ ಒಂದು ಹಿಡಿ ತೆಗೆದು, ಸಡಿಲ, ಸಣ್ಣ ಎಂದು ಬುಟ್ಟಿಗೆ ಹಾಕುವನು. ಅದು ಲೆಕ್ಕಕ್ಕಿಲ್ಲ, ವಾಪಸೂ ಇಲ್ಲ. ನೀವು ಹೇಳಿದಿರಿ — "ಕಳಪೆಯಾದರೆ ನಮ್ಮ ಕೈಗೇ ಕೊಡಲಿ. ಕೊಡುವವರೆಗೆ ಯಾರೂ ಬ್ರಾಂಚಿಗೆ ಬೀಡಿ ಹಾಕುವುದು ಬೇಡ." ಎಲ್ಲರೂ ಒಪ್ಪಿದರು. ಬರುವ ಸೋಮವಾರದಿಂದ ಎಂದು ಮಾತಾಯಿತು. ನಾನೂ ಒಪ್ಪಿದೆ, ನಾನೂ —

ಮರುದಿನ ಅವನು ಎಲೆ ತೂಗುತ್ತಾ ನನ್ನನ್ನು ಹಿಂದೆ ನಿಲ್ಲಿಸಿದ. ಸೋಮವಾರದ ಮಾತು ಹೇಗೋ ಅವನ ಕಿವಿಗೆ ಬಿದ್ದಿತ್ತು.

"ಗುಲಾಬಕ್ಕ, ನೀವು ಸುಳ್ಳು ಹೇಳುವುದೇ ಬೇಡ. ನಾಳೆಯಿಂದ ಐಸಮ್ಮನ ಬೀಡಿ ನೋಡಿ. ಎರಡು ಮೂರು ದಿನ ಬಿಟ್ಟು ಬರೇ ಒಂದು ಮಾತು ಕೇಳಿ — ಅವಳದ್ದು ಮಾತ್ರ ಬುಟ್ಟಿಗೆ ಯಾಕೆ ಬೀಳುವುದಿಲ್ಲ, ಅಂತ. ಮತ್ತೆ, ಯಾರಿಗೂ ಹೇಳಬೇಡ ಮಾರಾಯ್ತಿ, ಅಂತ ಹೇಳಿಬಿಡಿ. ಸಾಕು."

ಆ ದಿನ ಅವನು ಕೊಟ್ಟ ಎಲೆಯಲ್ಲಿ ಒಂದೂ ತೂತಿರಲಿಲ್ಲ. ತೂತಿನ ಎಲೆಯಲ್ಲಿ ಬೀಡಿಯ ಲೆಕ್ಕ ಕಡಿಮೆಯಾಗುವ ಸಂಕಟ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮನೆಗೆ ಬಂದು ಆ ಎಲೆಗಳನ್ನು ನೀರಿಗೆ ಹಾಕುವಾಗಲೇ ನನಗೆ ಗೊತ್ತಿತ್ತು, ಇದು ಯಾತಕ್ಕೆ ಸಿಕ್ಕಿದ್ದು ಎಂದು.

ಮರುದಿನದಿಂದ ನಿಮ್ಮ ಬೀಡಿ ಒಂದೂ ಬುಟ್ಟಿಗೆ ಬೀಳಲಿಲ್ಲ. ಅವನು ಮುಟ್ಟಲೇ ಇಲ್ಲ. ನಾನು ನಮ್ಮ ಜೊತೆ ಬೀಡಿ ಕಟ್ಟುತ್ತಿದ್ದ ಅಪ್ಪಿಯ ಕಿವಿಯಲ್ಲಿ ಆ ಒಂದು ಮಾತು ಹಾಕಿದೆ. ಎರಡು ದಿನದಲ್ಲಿ ಅದು ನನಗೇ ತಿರುಗಿ ಬಂತು, ದೊಡ್ಡದಾಗಿ — ಐಸಮ್ಮ ಕಂಟ್ರಾಕ್ಟರನ ಜನವಂತೆ, ನಮ್ಮ ಮಾತೆಲ್ಲ ಅಲ್ಲಿಗೆ ಹೋಗುತ್ತದಂತೆ, ಬೀಡಿ ಹಾಕದವರ ಹೆಸರು ಬ್ರಾಂಚಿನ ಪುಸ್ತಕದಿಂದ ತೆಗೆಸಿ ತನ್ನವರನ್ನು ಸೇರಿಸುತ್ತಾಳಂತೆ. ಇದರಲ್ಲಿ ಒಂದನ್ನೂ ನಾನು ಹೇಳಿರಲಿಲ್ಲ. ಹಾಗೆಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ.

ಭಾನುವಾರ ಜಗಲಿಯಲ್ಲಿ ನೀವು ಕೇಳಿಯೇಬಿಟ್ಟಿರಿ, "ಕಂಡದ್ದಾ, ಕೇಳಿದ್ದಾ?"

ಅಪ್ಪಿ ಎಲೆ, ಹೊಗೆಸೊಪ್ಪು ತುಂಬಿದ ತಡ್ಪೆಯನ್ನು ಮಡಿಲಿನಿಂದ ಕೆಳಗಿಟ್ಟಳು. "ಕಂಡದ್ದೇ! ನಮಗೆ ದಿನಾ ಬುಟ್ಟಿ, ನಿಮಗೆ ಮಾತ್ರ ಇಲ್ಲ. ಎರಡು ಕಣ್ಣಲ್ಲಿ ಕಾಣ್ತಾ ಇದ್ದೇವಲ್ಲ!"

ನೀವು ನನ್ನ ಕಡೆ ನೋಡಿದಿರಿ. ನಾನು ತಲೆ ಬಗ್ಗಿಸಿ ಬೀಡಿಗೆ ನೂಲು ಸುತ್ತಿದೆ. ಸುತ್ತಿದ್ದಕ್ಕೇ ಸುತ್ತಿದೆ.

ಸೋಮವಾರ ಎಲ್ಲರೂ ಬೀಡಿ ಹಾಕಿದರು. ಹಾಕದೆ ನಿಂತವರು ನೀವೊಬ್ಬರೇ. ಅವನು ನಗುತ್ತಾ ನಿಮ್ಮ ಹೆಸರು ತೆಗೆದ. ಅವನ ಜನವಾದರೆ ಯಾಕೆ ತೆಗೆದ ಎಂದು ಒಬ್ಬಳಾದರೂ ಯೋಚಿಸುತ್ತಾಳೆ ಎಂದುಕೊಂಡೆ. "ನಾಟಕ" ಎಂದರು. ಆಮೇಲೂ ನಿಮ್ಮನ್ನು ಜಗಲಿಗೆ ಕರೆಯುತ್ತಿದ್ದದ್ದು ಪ್ರೀತಿಯಿಂದಲ್ಲ ಐಸಮ್ಮ. ಕರೆಯದಿದ್ದರೆ ನಿಮಗೆ ತಿಳಿದೀತು ಎಂಬ ಹೆದರಿಕೆಯಿಂದ. ಮಳೆಗಾಲಕ್ಕೆ ಮೊದಲೇ ನೀವು ಕಾರ್ಕಳದ ಅಣ್ಣನ ಮನೆಗೆ ಹೊರಟುಹೋದಿರಿ.

ಮೊನ್ನೆ ಅಪ್ಪಿಯನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಕಂಟ್ರಾಕ್ಟರ್ ಹೇಳಿಕೊಟ್ಟದ್ದು, ಎಲೆ, ಎಲ್ಲವನ್ನೂ. ಅವಳು ಬಾಳಂತಿಯ ಲೇಹ ಬೆರಳಲ್ಲಿ ನೆಕ್ಕುತ್ತಾ ಕೇಳಿದಳು.

"ಬಿಡು ಮಾರಾಯ್ತಿ. ಅಜ್ಜಿಯಾದ ಖುಷಿಯಲ್ಲಿ ನಿನಗೀಗ ಎಲ್ಲರೂ ಒಳ್ಳೆಯವರೇ. ಅವಳ ಮಾನ ಉಳಿಸಲಿಕ್ಕೆ ನೀನ್ಯಾಕೆ ತಪ್ಪು ತಲೆ ಮೇಲೆ ಹಾಕ್ಕೊಳ್ತಿ? ನಾವು ಕಂಡದ್ದು ಸುಳ್ಳಾ?"

ಆಣೆ ಹಾಕಿದೆ. ನನ್ನ ಮನಸ್ಸು ಎಷ್ಟು ದೊಡ್ಡದು ಎಂದು ಅವಳ ಕಣ್ಣಲ್ಲಿ ನೀರು ಬಂತು. ಅಂದು ಒಂದೇ ಮಾತಿಗೆ ನಂಬಿದ್ದರು. ಈಗ ಬೇಡಿಕೊಂಡರೂ —

ಮಗಳಿಂದ ಈ ಕಾಗದ ಓದಿಸಿ, ಐಸಮ್ಮ, ಹೆಸರಿಡುವ ದಿನಕ್ಕೆ ಮೊದಲೇ ಓದಿಸಿ. ಯಾರ ಮನೆಗೆ ಬರುತ್ತಿದ್ದೇನೆ ಎಂದು ತಿಳಿಯದೆ ನೀವು ಹೊಸ್ತಿಲು ದಾಟುವುದು ಬೇಡ. ಬಾರದಿದ್ದರೆ ಅದೇ ನ್ಯಾಯ. ಆ ದಿನ ಅಪ್ಪಿ ಬರುತ್ತಾಳೆ, ಉಳಿದವರೂ ಬರುತ್ತಾರೆ. ಮಗುವನ್ನು ಮಡಿಲಲ್ಲಿಟ್ಟುಕೊಂಡು ಅವರೆದುರು ಇನ್ನೊಮ್ಮೆ ಹೇಳುತ್ತೇನೆ. ಅವರು ನಂಬುವುದಿಲ್ಲ.