ವಾಟಿ ಪರ್ಡಿಯ ಎಡಗೈ

ವಾಟಿ ಪರ್ಡಿಯ ಎಡಗೈ ಚಿಕ್ಕಂದಿನಿಂದಲೂ ಏಟು ತಿಂದ ಕೈ. ಆ ಕೈಯಲ್ಲಿ ಬಳಪ ಹಿಡಿದರೆ ಗೋವನ್ ಎಂಬ ಊರಿನ ಶಾಲೆಯ ಮೇಷ್ಟ್ರು ಚರ್ಮದ ಪಟ್ಟಿಯಿಂದ ಬಾರಿಸುತ್ತಿದ್ದರು. ಮನೆಯಲ್ಲಿ ಅಪ್ಪ ಬೆಲ್ಟು ಬಿಚ್ಚುತ್ತಿದ್ದ. ಎಡಚನಾಗಿ ಹುಟ್ಟಿದ್ದೇ ಮಹಾಪರಾಧ ನೋಡಿ. ಅದೇ ಕೈಯನ್ನು ಕ್ಲೈಡ್ ನದಿ ದಂಡೆಯ ಹಡಗು ಕಾರ್ಖಾನೆ ಕಣ್ಣಿಗೊತ್ತಿಕೊಂಡಿತು. ಹಡಗಿನ ಉಕ್ಕಿನ ತಗಡು ಜೋಡಿಸುವ ಕೆಂಪಗೆ ಕಾದ ಮೊಳೆಯನ್ನು ಇಬ್ಬರು ಎದುರುಬದುರು ನಿಂತು ಸರದಿಯಂತೆ ಬಡಿಯಬೇಕು. ಸುತ್ತಿಗೆಗಳು ಒಂದಕ್ಕೊಂದು ತಾಗದಿರಲು ಒಬ್ಬ ಬಲಗೈಯವನು, ಒಬ್ಬ ಎಡಚ. ಬಲಗೈಯವರು ಬೀದಿಗೆ ಹತ್ತು ಜನ ಸಿಗುತ್ತಾರೆ, ಎಡಚ ಸಿಗಬೇಕಲ್ಲ.

ವಾಟಿ ಹುಟ್ಟಾ ಪ್ರಾಟೆಸ್ಟಂಟ್. ಎದುರು ನಿಲ್ಲುತ್ತಿದ್ದ ಬಾರ್ನಿ ಡೆವ್ಲಿನ್ ಕ್ಯಾಥೊಲಿಕ್. ಹನ್ನೊಂದು ವರ್ಷ ಬಡಿದು ಬಡಿದು ಇಬ್ಬರ ಕಿವಿಯೂ ಹೋಗಿತ್ತು. ತುಟಿ ನೋಡಿಯೇ ಮಾತು. ಮಧ್ಯಾಹ್ನ ಅಟ್ಟಣಿಗೆಯ ಮೇಲೆ ಕಾಲು ಇಳಿಬಿಟ್ಟು ಕೂತರೆ ಕೆಳಗೆ ನದಿ ಎಣ್ಣೆ ಹೊತ್ತು ಕಪ್ಪಗೆ ಹರಿಯುತ್ತಿತ್ತು, ಆಚೆ ದಡದವರೆಗೂ ಕ್ರೇನುಗಳು.

"ನಿನ್ ರಾಜ ಇವತ್ತಾದ್ರೂ ಒಂದು ಸಾಸೇಜು ಕಳಿಸಿದ್ನೇನೋ?" ಎನ್ನುತ್ತಿದ್ದ ಡೆವ್ಲಿನ್.

"ನಿನ್ ಪೋಪ್ ಕಳಿಸಿದಾಗ ನಂಗೂ ಅರ್ಧ ಕೊಡು."

ಮೊದಲ ಮಹಾಯುದ್ಧ ಮುಗಿದ ಏಳನೇ ವರ್ಷದ ಜುಲೈನಲ್ಲಿ ಪ್ರಾಟೆಸ್ಟಂಟರ ಮೆರವಣಿಗೆ ಬೇಕೆಂತಲೇ ಕ್ಯಾಥೊಲಿಕರ ಓಣಿಗೆ ತಿರುಗಿತು. ಮಹಡಿಗಳಿಂದ ಬಾಟಲಿಗಳು ಬಿದ್ದವು. ಡೋಲಿನವನ ತಲೆ ಒಡೆದು ಡೋಲಿನ ಮೇಲೆಲ್ಲ ರಕ್ತ. ಮೆರವಣಿಗೆಯಲ್ಲಿದ್ದ ವಾಟಿಗೆ ಕೋಪ ನೆತ್ತಿಗೇರಿತು. ಸುತ್ತಿಗೆಯ ಕಾವು ಹಿಡಿದು ನುಗ್ಗಿದವನು ಒಬ್ಬನ ಹಲ್ಲುದುರಿಸಿದ, ಬಿದ್ದವನ ಪಕ್ಕೆಗೆ ಒದ್ದ, ಅವನು ಅಲುಗಾಡದಿದ್ದರೂ ಮತ್ತೆ ಒದ್ದ. ಆಗ ಯಾರೋ ಹಿಂದಿನಿಂದ ಕುತ್ತಿಗೆಪಟ್ಟಿ ಹಿಡಿದೆಳೆದರು. ವಾಟಿ ನೋಡದೆ ತಿರುಗಿ ಬೀಸಿದ. ಮೂಳೆ ಮುರಿದದ್ದು ಕೇಳಿಸಲಿಲ್ಲ, ಅಂಗೈಗೆ ಗೊತ್ತಾಯಿತು.

ಬಲ ಮಣಿಕಟ್ಟು ಹಿಡಿದುಕೊಂಡು ಕುಸಿದಿದ್ದವನು ಡೆವ್ಲಿನ್.

"ಕೂಗಿದ್ನಲ್ಲೋ," ಎಂದವು ಅವನ ತುಟಿಗಳು. "ನಿನ್ ಬೆನ್ನ ಹಿಂದೆ ಒಬ್ಬ ರೇಜರ್ ಹಿಡ್ಕೊಂಡಿದ್ದ ಕಣೋ."

ಹನ್ನೊಂದು ವರ್ಷದ ಜೊತೆಗಾರ, ಕಿವುಡನನ್ನು ಹಿಂದಿನಿಂದ ಕೂಗಿದ್ದ. ಗಾಬರಿಯಲ್ಲಿ ಅದೂ ಮರೆತುಹೋಗಿತ್ತು.

ಆ ಕೈ ಇನ್ನು ಸುತ್ತಿಗೆ ಎತ್ತುವುದಿಲ್ಲವೆಂದು ಡಾಕ್ಟರು ಹೇಳಿದರು. ಸೋಮವಾರ ಗೇಟಿನಲ್ಲಿ ಮೇಸ್ತ್ರಿ, "ನಿನಗೇನಯ್ಯ, ಮಧ್ಯಾಹ್ನದೊಳಗೆ ಬೇರೆ ಬಲಗೈ ಹುಡುಕ್ತೀನಿ. ಅವನ ಕಥೆ ಮುಗೀತು," ಎಂದ. ವಾಟಿಗೆ ತನ್ನ ಕೈಯ ಮೇಲೇ ಅಸಹ್ಯವಾಯಿತು.

ಸಂಜೆ ವಾಟಿ ಡೆವ್ಲಿನ್ನನ ಮನೆಯ ಮೆಟ್ಟಿಲು ಹತ್ತಿದ. ಬಾಗಿಲು ತೆರೆದ ಡೆವ್ಲಿನ್ನನ ತಮ್ಮ ಅವನ ಮೂಗಿಗೆ ಗುದ್ದಿದ, ಕೆಡವಿ ಒದ್ದ. ವಾಟಿ ಎಡಗೈಯನ್ನು ಜೇಬಿನಿಂದ ತೆಗೆಯಲಿಲ್ಲ. ಡೆವ್ಲಿನ್ನನ ಹೆಂಡತಿ ನೋರಾ ಒಲೆಯ ಸಲಾಕೆ ತಂದು ಭುಜಕ್ಕೆ ಬಾರಿಸಿದಳು. "ನಾಲ್ಕು ಮಕ್ಕಳ ಹೊಟ್ಟೆ ಮೇಲೆ ಹೊಡೆದ್ಯಲ್ಲೋ ಪಾಪಿ."

ವಾಟಿ ರಕ್ತ ಉಗಿದು, ತುಟಿ ಕಾಣುವಂತೆ ಒಳಗೆ ಕೂತಿದ್ದ ಡೆವ್ಲಿನ್ನನತ್ತ ಮುಖ ಮಾಡಿದ. "ನಾವು ಹೊರಗಿಂದ ಬಡಿಯೋವಾಗ ಹಡಗಿನ ಒಳಗಡೆ ಮೊಳೆಗೆ ಕಬ್ಬಿಣ ಒತ್ತಿ ಹಿಡಿಯೋ ಕೆಲಸಕ್ಕೆ ಬಾ. ಅದಕ್ಕೆ ಭುಜ ಸಾಕು. ನೀನು ಬರೋವರೆಗೂ ನಾನು ಸುತ್ತಿಗೆ ಮುಟ್ಟಲ್ಲ, ಮೇಸ್ತ್ರಿಗೆ ಹೇಳಿ ಬಂದಿದೀನಿ."

"ಒಳಗಿದ್ರೆ ನಿನ್ ಮುಖ ನೋಡೋ ಕರ್ಮ ಇರಲ್ಲ ಅಲ್ವಾ?"

"ಇರಲ್ಲ. ಮಧ್ಯೆ ತಗಡು ಇರುತ್ತೆ."

"ಹಂಗಾದ್ರೆ ಬರ್ತೀನಿ."

ಡೆವ್ಲಿನ್ನನ ಮೂಳೆ ಕೂಡುವವರೆಗೆ ಆರು ವಾರ ವಾಟಿ ಮನೆಯಲ್ಲೇ ಕೂತ. ಎಡಚ ಬೇಕಾಗಿದ್ದ ಮೇಸ್ತ್ರಿ ಡೆವ್ಲಿನ್ನನಿಗೆ ಆ ಕೆಲಸ ಕೊಡಲು ಬೈದುಕೊಂಡೇ ಒಪ್ಪಿದ. ಆಮೇಲೆ ಹದಿನಾಲ್ಕು ವರ್ಷ ಡೆವ್ಲಿನ್ ಹಡಗಿನೊಳಗಿನ ಕತ್ತಲೆಯಲ್ಲಿ ಕೂತು, ವಾಟಿಯ ಪ್ರತಿ ಏಟನ್ನೂ ತಗಡಿನ ಆಚೆಯಿಂದ ಭುಜದಲ್ಲಿ ತಡೆದುಕೊಂಡ. ಊಟವನ್ನೂ ಒಳಗೇ ಮಾಡಿದ. ತಾನು ಸಿದ್ಧನೆಂದು ತಿಳಿಸಲು ಒಳಗಿನಿಂದ ಎರಡು ಸಲ ಬಡಿಯುತ್ತಿದ್ದ. ವಾಟಿ ಎಡ ಅಂಗೈಯನ್ನು ತಗಡಿಗೆ ಒತ್ತಿ, ಅದು ಬರುವವರೆಗೂ ಕಾಯುತ್ತಿದ್ದ. ಆ ಎರಡು ಬಡಿತ ಬಿಟ್ಟರೆ ಡೆವ್ಲಿನ್ ಅವನೊಡನೆ ಮತ್ತೆ ಮಾತಾಡಲಿಲ್ಲ.