ಬೆಲ್ಟಿನ ಮೇಲೆ ಬರುವ ದೇವರು

ಇವತ್ತು ಬೆಳಿಗ್ಗೆ ಅತ್ತಿಗುಪ್ಪೆಯ ಅರಳಿಕಟ್ಟೆಯಲ್ಲಿ ಯಾರೋ ಗಾಜು ಬಿರಿದ ಲಕ್ಷ್ಮಿಯ ಫೋಟೊ ಒರಗಿಸಿ ಹೋಗಿದ್ದರು. ಎಸೆಯಲು ಮನಸ್ಸಿಲ್ಲದವರು ಹೀಗೆ ಕಟ್ಟೆಗೆ ತಂದಿಡುತ್ತಾರೆ. ಕಟ್ಟೆಯವರೆಗೆ ನಡೆಯಲು ಬೇಸರವಾದವರು ಹಳೇ ಪೇಪರಿನಲ್ಲಿ ಸುತ್ತಿ ಒಣಕಸಕ್ಕೆ ಹಾಕುತ್ತಾರೆ. ನೀವೂ ಹಾಕಿರಬಹುದು, ಬೈಯುತ್ತಿಲ್ಲ. ಅಂಥ ದೇವರೆಲ್ಲ ನಮ್ಮಲ್ಲಿಗೆ ಬರುತ್ತಾರೆ.

ನಮ್ಮಲ್ಲಿ ಅಂದರೆ ಕೆಂಗೇರಿಯ ಆಚೆ, ಒಣಕಸ ವಿಂಗಡಿಸುವ ದೊಡ್ಡ ಶೆಡ್ಡು. ಓಡುವ ಬೆಲ್ಟಿನ ಎರಡೂ ಬದಿ ಹೆಂಗಸರು ನಿಂತು ಬಾಟಲಿ, ರಟ್ಟು, ಹಾಲಿನ ಕವರು ಎಂದು ಆರಿಸಿ ಬೇರೆ ಮಾಡುತ್ತಾರೆ. ನಾನು ಅಲ್ಲಿ ಸೂಪರ್‌ವೈಸರ್. ಬಿ.ಎಸ್ಸಿ. ಮಾಡಿದವಳು, ನಮ್ಮ ವಂಶದಲ್ಲೇ ಮೊದಲು. ನೀವು ಕೇಳಲಿಲ್ಲ, ನಿಜ. ಕೇಳದಿದ್ದರೂ ಹೇಳುವುದು ನನ್ನ ಚಟ.

ನಾನು ಸೇರಿದ ಹೊಸತು. ಲಗ್ಗೆರೆಯಿಂದ ಬರುತ್ತಿದ್ದ ಗಂಗಮ್ಮ, ಬೆಲ್ಟಿನಲ್ಲಿ ದೇವರ ಫೋಟೊ ಕಂಡರೆ ಎತ್ತಿ, ಸೆರಗಿನಲ್ಲಿ ಒರೆಸಿ, ಕುಂಕುಮವಿಟ್ಟು ಹಿಂದಿನ ಗೋಡೆಗೆ ಒರಗಿಸುತ್ತಿದ್ದರು. ಸಾಲು ಬೆಳೆದು ಬೆಂಕಿ ಆರಿಸುವ ಸಿಲಿಂಡರುಗಳಿಗೇ ಅಡ್ಡವಾಯಿತು. ಮ್ಯಾನೇಜರು ಬಂದು ನೋಡಿದರು.

"ಸಂಜೆಯೊಳಗೆ ಇವನ್ನೆಲ್ಲ ಒಡೆದು ಗಾಜು, ಮರ, ಪೇಪರು ಬೇರೆ ಮಾಡ್ಲಿ. ಇಲ್ಲಾಂದ್ರೆ ನಾಳೆಯಿಂದ ಆಯಮ್ಮ ಬರೋದು ಬೇಡ."

"ಕೆಲ್ಸ ಹೋದ್ರೆ ಹೋಗ್ಲಿ ಮೇಡಂ, ನಾನ್ ಒಡೆಯಲ್ಲ," ಎಂದರು ಗಂಗಮ್ಮ. ಅವರ ದುಡಿಮೆಯ ಮೇಲೇ ಮನೆ ನಿಂತಿತ್ತು.

ನಮ್ಮ ಮನೆಯಲ್ಲಿ ಗೌರಿ ಹಬ್ಬ ಮುಗಿದ ಮೇಲೆ ಅಮ್ಮ ಕಲಶವನ್ನು ಉತ್ತರಕ್ಕೆ ಚೂರು ಕದಲಿಸುತ್ತಾಳೆ. ಕದಲಿಸಿದರೆ ಗೌರಿ ಹೊರಟಂತೆ. ಉಳಿದದ್ದು ಬರೀ ಚೊಂಬು. ನಾನೂ ಹಾಗೇ ಮಾಡಿದೆ. ಒಂದೊಂದೇ ಫೋಟೊ ಸರಿಸಿ, "ಹೋಗಿ ಬಾ" ಎಂದು ಸುತ್ತಿಗೆ ಎತ್ತಿದೆ.

"ಡಿಗ್ರೀಲಿ ಇದನ್ನೂ ಹೇಳ್ಕೊಡ್ತಾರಾ?" ಎಂದರು ಗಂಗಮ್ಮ, ಕಣ್ಣು ಮುಚ್ಚಿಕೊಂಡೇ.

ಕೊನೆಯ ಫೋಟೊದಲ್ಲಿ ಕರಿ ಗೌನು, ಟೋಪಿ ಹಾಕಿದ ಹುಡುಗಿ. ಗಾಜಿನ ಮೇಲೆ, ಅವಳ ಹಣೆಗೂ ಕುಂಕುಮ.

"ಗಂಗಮ್ಮ, ಈ ಕರಿ ಗೌನಿಂದು ಯಾವ ದೇವ್ರು ಅಂತ ಇಟ್ರಿ?"

"ಯಾರಿಗ್ಗೊತ್ತು? ತಲೆ ಮೇಲೆ ಕಿರೀಟ ಥರ ಇತ್ತು. ದೊಡ್ಡೋರೇ ಇರ್ಬೇಕು ಅಂತ ಇಟ್ಟೆ."

ಯಾರದೋ ಘಟಿಕೋತ್ಸವದ ಫೋಟೊ. ಥೇಟ್ ಅಂಥದ್ದೇ ನನ್ನದೊಂದು ನಮ್ಮ ಮನೆಯ ದೇವರ ಗೂಡಿನ ಪಕ್ಕ ಇದೆ. ಅಮ್ಮ ಅದಕ್ಕೂ ದಿನಾ ಹೂ ಮುಡಿಸುತ್ತಾಳೆ. ಇದನ್ನು ಎಸೆದವರು ಯಾರು? ಎಸೆಯಲು ಮನಸ್ಸಾದರೂ ಹೇಗೆ ಬಂತು? ಉತ್ತರಕ್ಕೆ ಕದಲಿಸಿದೆ. ಸುತ್ತಿಗೆ ಮೇಲೇಳಲಿಲ್ಲ.

ಗಂಗಮ್ಮ ಕಣ್ಣು ಬಿಟ್ಟರು. ನನ್ನ ಮುಖ ನೋಡಿದರು. ಸುತ್ತಿಗೆ ಕಿತ್ತುಕೊಂಡರು.

"ಸರೀರಿ ಆಚೆ. ನಮ್ ದೇವ್ರನ್ನ ನೀವ್ ಒಡೆದ್ರಿ, ನಿಮ್ ದೇವ್ರನ್ನ ನಾನ್ ಒಡೀತೀನಿ."

ಒಂದೇ ಏಟು.

ಗೋಡೆ ಖಾಲಿಯಾಯಿತು, ಗಂಗಮ್ಮ ಕೆಲಸದಲ್ಲಿ ಉಳಿದರು. ಈಗಲೂ ಬೆಲ್ಟಿನ ಮೇಲೆ ದೇವರು ಬಂದರೆ ಅವರು ನನ್ನನ್ನು ಕೂಗುತ್ತಾರೆ. ಕರಿ ಗೌನು ಬಂದರೆ ನಾನು ಅವರನ್ನು ಕೂಗುತ್ತೇನೆ.