ಅಕ್ಕನ ಅಳತೆಗೆ

ಅಕ್ಕ ತಂಗಿಯ ಹೊಲಿಗೆ ಅಂಗಡಿಗೆ ಬಂದದ್ದು ಮೈಗೆ ಹೊದಿಕೆ ಸುತ್ತಿಕೊಂಡು. ತುಟಿ ಒಡೆದಿತ್ತು. ಅವಳ ಬಟ್ಟೆಗಳನ್ನೆಲ್ಲ ಭಾವ ಹಿತ್ತಲಲ್ಲಿ ಗುಡ್ಡೆ ಹಾಕಿ ಸುಟ್ಟಿದ್ದ.

"ಈ ಗಾತ್ರಕ್ಕೆ ಬಟ್ಟೆ ಯಾಕೆ, ಡೇರೆ ಹಾಕ್ಕೋ ಅಂದ್ರು ಕಣೇ." ನಗಲು ಹೋಗಿ, ತುಟಿ ಉರಿದು ಮುಖ ಕಿವುಚಿದಳು.

ತಂಗಿ ಅವಳನ್ನು ಕುರ್ಚಿಯಲ್ಲಿ ಕೂರಿಸಿದಳು. ಬೀದಿಯವರೆಲ್ಲ ತಂಗಿಯನ್ನು ಕರೆಯುತ್ತಿದ್ದದ್ದು ಟೇಪಮ್ಮ ಎಂದೇ. ಅಳತೆಯ ಟೇಪು ಅವಳ ಕೊರಳಿನಿಂದ ಇಳಿದದ್ದನ್ನು ಕಂಡವರಿಲ್ಲ. ಚಿಕ್ಕಂದಿನಲ್ಲಿ ಅಪ್ಪ ಬೆಲ್ಟು ಬಿಚ್ಚಿದಾಗಲೆಲ್ಲ ಅವಳನ್ನು ಬೆನ್ನ ಹಿಂದೆ ಬಚ್ಚಿಟ್ಟು ತಾನು ಏಟು ತಿಂದವಳು ಈ ಅಕ್ಕ. ಮದುವೆಯಾದ ಮೇಲೂ ಏಟು ತಪ್ಪಿರಲಿಲ್ಲ.

ಟೇಪಮ್ಮ ಬಾಗಿಲು ಮುಂದೆ ಮಾಡಿ, ತನ್ನದೇ ಗೌನಿನ ಬಟ್ಟೆ ಕತ್ತರಿಸುವ ಕಾಗದದ ಪ್ಯಾಟರ್ನನ್ನು ಮೇಜಿನ ಮೇಲೆ ಹರಡಿದಳು. ಅಕ್ಕನ ಎದೆ, ಸೊಂಟ, ತೋಳು ಅಳೆದಳು. ಟೇಪು ತಾಗಿದಲ್ಲೆಲ್ಲ ಅಕ್ಕ ನರಳಿದಳು. ಪಕ್ಕೆ ಪೂರ್ತಿ ನೀಲಿಗಟ್ಟಿತ್ತು.

"ಪಕ್ಕದಲ್ಲಿ ಒಂದಿಷ್ಟು ಅಗಲ ಬಿಟ್ಟು ಹೊಲಿದುಬಿಡೇ, ಸಾಕು."

"ಹಾಗೆ ಮಾಡಿದ್ರೆ ಎದೆ ಹತ್ರ ಬಿಗಿಯುತ್ತೆ, ಕಂಕುಳು ಕಚ್ಚುತ್ತೆ. ಸುಮ್ನೆ ಕೂತ್ಕೋ ಅಕ್ಕಾ."

ಕಾಗದವನ್ನು ಕೆಳಗಿನ ಅಂಚಿನಿಂದ ಹೆಗಲಿನವರೆಗೆ ಸೀಳಿ, ತುದಿಯಲ್ಲಿ ಕೂದಲೆಳೆಯಷ್ಟು ಉಳಿಸಿಕೊಂಡು, ಬೀಸಣಿಗೆಯಂತೆ ಅಗಲಿಸಿದಳು. ನಡುವಿನ ಸಂದಿಗೆ ಹಳೆಯ ಪತ್ರಿಕೆಯ ತುಂಡು ಅಂಟಿಸಿದಳು. ಕಂಕುಳ ತಿರುವನ್ನು ಕೆಳಗಿಳಿಸಿ, ತೋಳಿನ ಕಾಗದವನ್ನೂ ಅದಕ್ಕೆ ತಕ್ಕಂತೆ ಹಿಗ್ಗಿಸಿದಳು. ಬಟ್ಟೆ ಕತ್ತರಿಸಿ ಒಂದು ಪಕ್ಕ ಹೊಲಿದು, ಹೊಲಿಗೆ ಕೂರಿಸಲು ಇಸ್ತ್ರಿಪೆಟ್ಟಿಗೆ ಕಾಯಲಿಟ್ಟಳು.

ಅಷ್ಟರಲ್ಲಿ ಬಾಗಿಲು ಗೋಡೆಗೆ ಬಡಿಯಿತು. ಭಾವ.

"ನಡಿಯೇ ಮನೆಗೆ!" ಎಂದವನೇ ಅಕ್ಕನ ಜುಟ್ಟಿಗೆ ಕೈ ಹಾಕಿ ಎಳೆದ. ಕುರ್ಚಿ ಉರುಳಿತು. ಟೇಪಮ್ಮ ಅಡ್ಡ ಬಂದಳು. ಅವನು ಅವಳ ಕೊರಳಿನ ಟೇಪನ್ನೇ ಹಿಡಿದು ತಿರುಚಿ, ಹಣೆಯನ್ನು ಮೇಜಿನಂಚಿಗೆ ಅಪ್ಪಳಿಸಿದ. ಮತ್ತೊಮ್ಮೆ ಅಪ್ಪಳಿಸಿದ. ಕಾಗದದ ಮೇಲೆಲ್ಲ ರಕ್ತ. ಅವಳಿಗೆ ಕಣ್ಣು ಕತ್ತಲಿಟ್ಟಿತು.

"ಬಿಡೋ ಅವಳನ್ನ!"

ಅಕ್ಕ ಗಂಡನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅವನು ಬಿಡಲಿಲ್ಲ. ಮೇಜಿನ ಮೇಲೆ ಊರಿದ್ದ ಅವನ ಕೈಗೆ ಅಕ್ಕ ಕಾದ ಇಸ್ತ್ರಿಪೆಟ್ಟಿಗೆ ಒತ್ತಿದಳು, ಮೈಭಾರವನ್ನೆಲ್ಲ ಹಾಕಿ. ಚರ್ಮ ಸುಟ್ಟ ವಾಸನೆ ಎದ್ದಿತು. ಅವನು ಅರಚುತ್ತ ಮಂಡಿಯೂರಿದ. ಅದರಲ್ಲೇ ದವಡೆಗೊಂದು ಬಾರಿಸಿದಳು. ಹಲ್ಲು ನೆಲಕ್ಕೆ ಬಿತ್ತು.

"ನನ್ನ ಹೊಡಿ, ತಡ್ಕೋತೀನಿ. ಇವಳ ಮೈ ಮುಟ್ತೀಯಾ?" ಪೆಟ್ಟಿಗೆ ಮತ್ತೆ ಮೇಲಕ್ಕೆದ್ದಿತು.

ಟೇಪಮ್ಮ ತೆವಳಿಕೊಂಡು ಹೋಗಿ ಅವಳ ಕಾಲು ತಬ್ಬಿದಳು. "ಸಾಕಕ್ಕಾ, ಸತ್ತೋಗ್ತಾನೆ!"

"ಸಾಯ್ಲಿ," ಎಂದಳು ಅಕ್ಕ. ಆದರೆ ಕೈ ನಿಧಾನವಾಗಿ ಇಳಿಯಿತು.

ಜನ ಸೇರಿದರು, ಅವನನ್ನು ಆಸ್ಪತ್ರೆಗೆ ಹೊತ್ತೊಯ್ದರು. ಪೊಲೀಸರು ಬರುವಷ್ಟರಲ್ಲಿ ಟೇಪಮ್ಮ ಹಣೆಗೆ ಬಟ್ಟೆ ಬಿಗಿದುಕೊಂಡು, ರಕ್ತ ಇಳಿದ ಕಣ್ಣು ಮುಚ್ಚಿ ಇನ್ನೊಂದರಲ್ಲೇ ನೋಡುತ್ತ ಉಳಿದ ಪಕ್ಕ ಮತ್ತು ತೋಳು ಹೊಲಿದು ಮುಗಿಸಿದಳು. ಅಕ್ಕ ಗೌನ್ ತೊಟ್ಟು ಕೈ ಎತ್ತಿ ನೋಡಿದಳು. ಎಲ್ಲೂ ಹಿಡಿಯಲಿಲ್ಲ. ಹಾಗೇ ಜೀಪು ಹತ್ತಿದಳು.

ಅಕ್ಕನಿಗೆ ಜೈಲಾಯಿತು. ಭಾವನ ಸುಟ್ಟ ಬಲಗೈಗೆ ಮತ್ತೆ ಮುಷ್ಟಿ ಕಟ್ಟಲಾಗಲಿಲ್ಲ. ಅವನು ಊರು ಬಿಟ್ಟ. ಬಿಡುಗಡೆಯಾದ ಮೇಲೆ ಅಕ್ಕ ಅಂಗಡಿಯ ಹಿಂದಿನ ಕೋಣೆಯಲ್ಲೇ ಉಳಿದಳು, ಗುಂಡಿ ಹಚ್ಚುತ್ತ. ಅಕ್ಕಪಕ್ಕದ ಯಾವುದಾದರೂ ಮನೆಯಲ್ಲಿ ಗಂಡಸಿನ ದನಿ ಏರಿದರೆ ಸೂಜಿ ಕೆಳಗಿಟ್ಟು ಬೀದಿಗಿಳಿಯುತ್ತಿದ್ದಳು. ಆ ಮನೆಯ ಮುಂದೆ ಸುಮ್ಮನೆ ನಿಲ್ಲುತ್ತಿದ್ದಳು, ದನಿ ಇಳಿಯುವವರೆಗೂ.